ಆರು ಖಾನೆಯ ಶವಾಗಾರದಲ್ಲಿ ತೆರೆಯುವುದು ಒಂದೇ

ಬೆಂಗಳೂರಿನ ಹೊರವಲಯದಲ್ಲಿ ಹೆದ್ದಾರಿ ಬಿಟ್ಟು ಮಣ್ಣಿನ ದಾರಿಗೆ ತಿರುಗಿ ಸ್ವಲ್ಪ ದೂರ ಹೋದರೆ ಉದ್ದನೆಯ ತಗಡಿನ ಶೆಡ್ಡು ಸಿಗುತ್ತದೆ. ಮುಂದೆ ಬೋರ್ಡಿಲ್ಲ. ಗೇಟಿನ ಪಕ್ಕ ಜನರೇಟರ್ ವ್ಯಾನು, ಅದರ ನೆರಳಲ್ಲಿ ಮಲಗಿದ ನಾಯಿ, ಅತ್ತ ಮುರಿದ ಪ್ಲೈವುಡ್ಡಿನ ರಾಶಿ. ಯಾವುದೋ ಗೋದಾಮು ಅಂದುಕೊಂಡು ದಾಟಿ ಹೋಗಿಬಿಡಬಹುದು. ಒಳಗೆ ಮಾತ್ರ ಪೊಲೀಸ್ ಠಾಣೆ, ಆಸ್ಪತ್ರೆ, ಶವಾಗಾರ, ಪ್ರಯೋಗಾಲಯ ಎಲ್ಲವೂ ಇವೆ. ಟೀವಿಯ ಅಪರಾಧ ಧಾರಾವಾಹಿಗಳಿಗೆ ಬಾಡಿಗೆಗೆ ಕೊಡುವ ಶೂಟಿಂಗ್ ಫ್ಲೋರ್ ಇದು. ಹೆಸರನ್ನಾಗಲಿ ಜಾಗವನ್ನಾಗಲಿ ಬರೆಯುವುದಿಲ್ಲ ಎಂದು ಮಾತು ಕೊಟ್ಟ ಮೇಲೆಯೇ ಒಳಗೆ ಬಿಟ್ಟರು.

ದಾರಿ ತೋರಿಸಿದವನು ಸೆಟ್ಟಿನ ಕೆಲಸದ ಹುಡುಗ. ಆಂಧ್ರಕ್ಕೆ ಸೇರಿದ ನಮ್ಮ ಹಾಲಹರವಿ ಕಡೆಯವನೇ. ಮಳೆ ಕೈಕೊಟ್ಟ ವರ್ಷ ನಮ್ಮ ಭಾಗದ ಜನ ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ, ಕಟ್ಟಡದ ಕೆಲಸಕ್ಕೆ ಬೆಂಗಳೂರಿನತ್ತ ಗಂಟುಮೂಟೆ ಕಟ್ಟುವುದು ಹಳೆಯ ರೂಢಿ. ಇವನೂ ಸೆಂಟ್ರಿಂಗ್ ಕೆಲಸಕ್ಕೆಂದು ಬಂದು, ಯಾರದೋ ಕೈಹಿಡಿದು ಈ ಕಡೆ ಸರಿದವನು. ಈಗಲೂ ಗೋಡೆಯನ್ನೇ ಕಟ್ಟುತ್ತಾನೆ. ಇಟ್ಟಿಗೆ, ಸಿಮೆಂಟು ಮಾತ್ರ ಇಲ್ಲ.

"ಬರ್ರಿ ಅಣ್ಣ, ಇವತ್ತು ಶೂಟಿಂಗ್ ಇಲ್ಲ. ಏನ್ ಬೇಕಾದ್ರೂ ಮುಟ್ಟಿ ನೋಡ್ರಿ. ಒರಗಬ್ಯಾಡ್ರಿ ಅಷ್ಟೇ" ಅಂದ.

ಒರಗಬಾರದು ಯಾಕೆ ಅನ್ನುವುದು ಸ್ವಲ್ಪ ಹೊತ್ತಿಗೇ ಗೊತ್ತಾಯಿತು.

ಹೊರಡುವಾಗ ನನ್ನ ತಲೆಯಲ್ಲಿದ್ದದ್ದು 'ಸಿಐಡಿ'. ಸೋನಿ ಚಾನೆಲ್ಲಿನಲ್ಲಿ 1998ರ ಜನವರಿ 21ರಂದು ಶುರುವಾಗಿ 2018ರ ಅಕ್ಟೋಬರ್ 27ರವರೆಗೆ 1,547 ಕಂತು ನಡೆದ ಹಿಂದಿ ಧಾರಾವಾಹಿ. ನಿಂತೇಹೋಯಿತು ಅಂದುಕೊಂಡಿದ್ದಾಗ 2024ರ ಡಿಸೆಂಬರ್ 21ರಂದು ಮತ್ತೆ ಬಂತು. ಹಾಲಹರವಿಯಲ್ಲಿ ಮನೆಮಾತು ಕನ್ನಡ, ಕಚೇರಿಗೆ ಹೋದರೆ ತೆಲುಗು. ಹಿಂದಿ ನಮಗೆ ಅಷ್ಟಕ್ಕಷ್ಟೇ. ಆದರೂ ಎಸಿಪಿ ಪ್ರದ್ಯುಮ್ನ ಕೈಬೆರಳು ತಿರುವುತ್ತಾ ನಿಂತು 'ಕುಛ್ ತೋ ಗಡ್‌ಬಡ್ ಹೈ' ಅಂದರೆ ಅರ್ಥ ಕೇಳಿದವರನ್ನು ನಾನು ಕಂಡಿಲ್ಲ. ನನಗಿದ್ದ ಕುತೂಹಲ ಬೇರೆ. ಇಪ್ಪತ್ತು ವರ್ಷ, ವಾರ ವಾರವೂ ಹೊಸ ಕೊಲೆ, ಹೊಸ ಮನೆ, ಹೊಸ ಹೆಣ. ಇಷ್ಟನ್ನೆಲ್ಲ ತಂದು ಹಾಕುವುದು ಎಲ್ಲಿಂದ? ಮುಂಬೈಗೆ ಹೋಗಿ ಕೇಳುವ ಅನುಕೂಲ ನನಗಿರಲಿಲ್ಲ. ಇಂಥ ಧಾರಾವಾಹಿ ಎಲ್ಲಿ ತಯಾರಾದರೂ ಒಳಗಿನ ಕಸುಬು ಹೆಚ್ಚುಕಡಿಮೆ ಒಂದೇ ಇದ್ದೀತು ಎಂಬ ಅಂದಾಜಿನ ಮೇಲೆ ಇಲ್ಲಿಗೆ ಬಂದೆ. ಅಂದಾಜು ಎಷ್ಟು ಸರಿ ಎಂದು ಅಲ್ಲಿನವರೇ ಹೇಳಬೇಕು.

ಶೆಡ್ಡಿನ ಬಾಗಿಲು ದಾಟಿದೊಡನೆ ಎಡಕ್ಕೆ ಠಾಣೆ. ಮೇಲೆ ಕೆಂಪು-ನೀಲಿ ಬಣ್ಣದ ಬೋರ್ಡು, 'ಪೊಲೀಸ್ ಠಾಣೆ' ಎಂದು ಬಿಳಿ ಅಕ್ಷರ. ಊರಿನ ಹೆಸರು ಇರಬೇಕಾದ ಕಡೆ ಖಾಲಿ. ಕಥೆಗೆ ತಕ್ಕಂತೆ ಸ್ಟಿಕ್ಕರ್ ಅಂಟಿಸುತ್ತಾರಂತೆ. ಹುಡುಗ ಏಣಿ ಹತ್ತಿ ಬೋರ್ಡಿನ ಎರಡು ಕೊಕ್ಕೆ ಬಿಚ್ಚಿ ತಿರುಗಿಸಿದ. ಹಿಂದುಗಡೆ ತೆಲುಗಿನಲ್ಲಿ 'ರಕ್ಷಕ ಭಟ ನಿಲಯಂ' ಎಂದಿತ್ತು. ತೆಲುಗಿನವರು ಬಾಡಿಗೆಗೆ ತೆಗೆದುಕೊಂಡಾಗ ಆ ಮಗ್ಗುಲು ಮುಂದಕ್ಕೆ ಬರುತ್ತದೆ.

"ನಮ್ಮೂರ ಟೇಷನ್ ನೋಡಿದಂಗೆ ಆಯ್ತಲ್ಲ ಅಣ್ಣ?" ಎಂದು ನಕ್ಕ.

ಆಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೂ ಉಳಿದದ್ದರಲ್ಲಿ ಬಹುಪಾಲನ್ನು ಮೈಸೂರಿಗೂ ಸೇರಿಸಿದಾಗ ನಮ್ಮೂರ ಬೋರ್ಡುಗಳೂ ಹೀಗೆಯೇ ತಿರುಗಿರಬೇಕು. ಅಂದು ಅದಕ್ಕೆ ಬೇಕಾದ ಕಾಗದಪತ್ರ, ಕಮಿಷನ್ನು, ಜಗಳ ಎಷ್ಟೋ. ಇಲ್ಲಿ ಎರಡು ಕೊಕ್ಕೆ ಸಾಕಾಯಿತು.

ಠಾಣೆಯೊಳಗೆ ಕಾಲಿಟ್ಟೆ. ಮೂರು ಗೋಡೆ ಇವೆ. ನಾಲ್ಕನೆಯದನ್ನು ತೆಗೆದು ಪಕ್ಕಕ್ಕೆ ನಿಲ್ಲಿಸಿದ್ದರು. ಕ್ಯಾಮೆರಾ ಆ ಕಡೆಯಿಂದ ನೋಡುವ ದಿನ ಅದು ಬಂದು ಕೂಡಿಕೊಳ್ಳುತ್ತದೆ, ಆಗ ಇನ್ನೊಂದು ಗೋಡೆ ಜಾಗ ಖಾಲಿ ಮಾಡುತ್ತದೆ. ತಲೆ ಎತ್ತಿದರೆ ಸೂರಿಲ್ಲ. ಮೇಲೆ ಕಬ್ಬಿಣದ ಪೈಪು, ಅದಕ್ಕೆ ತೂಗುಹಾಕಿದ ಲೈಟುಗಳು, ಅದಕ್ಕೂ ಮೇಲೆ ತಗಡು. ಟೀವಿಯ ಠಾಣೆಗಳಲ್ಲಿ ಸೂರು ಕಾಣಿಸುವುದು ಅಪರೂಪ ಅನ್ನುವುದು ಆಗ ಹೊಳೆಯಿತು. ಫ್ಯಾನು ತಿರುಗುವುದನ್ನು ತೋರಿಸಬೇಕಾದರೆ ಫ್ಯಾನನ್ನಷ್ಟೇ ಬೇರೆಲ್ಲೋ ತೆಗೆದು ನಡುವೆ ಸೇರಿಸುತ್ತಾರೆ.

ಮೇಜಿನ ಮೇಲೆ ಫೈಲುಗಳ ಅಟ್ಟಿ. ಒಂದನ್ನು ಬಿಡಿಸಿದೆ. ಮೇಲೆ ಕೆಂಪು ದಾರ, ಒಳಗೆ ಹಳೆಯ ದಿನಪತ್ರಿಕೆಯನ್ನು ಅಳತೆಗೆ ಕತ್ತರಿಸಿ ತುಂಬಿದ್ದರು. ಠಾಣಾ ಡೈರಿ ಎಂದು ಬರೆದ ದಪ್ಪ ಪುಸ್ತಕದಲ್ಲಿ ಮೊದಲ ಎರಡು ಪುಟ ಮಾತ್ರ ತುಂಬಿದೆ. ಯಾರೋ ಬೇಸರದಿಂದ ಒಂದೇ ಸಾಲನ್ನು ಮತ್ತೆ ಮತ್ತೆ ಬರೆದಿದ್ದಾರೆ. 'ಗಸ್ತು ಮುಗಿಸಿ ವಾಪಸ್'. ಗೋಡೆಯಲ್ಲಿ ಗಾಂಧಿ, ಅಂಬೇಡ್ಕರ್ ಪಟಗಳು ನಿಜವಾದವೇ. ಪಕ್ಕದ ಗಡಿಯಾರದ ಸೆಲ್ಲು ತೆಗೆದಿಟ್ಟಿದ್ದಾರೆ. ಒಂದು ದೃಶ್ಯವನ್ನು ಬೆಳಿಗ್ಗೆ ಅರ್ಧ, ಊಟದ ಮೇಲೆ ಅರ್ಧ ತೆಗೆಯುವಾಗ ಗಡಿಯಾರ ಓಡಿದರೆ ಒಂದೇ ಮಾತಿನ ನಡುವೆ ಮೂರು ತಾಸು ಕಳೆದುಹೋದಂತೆ ಕಾಣುತ್ತದೆ. ಹಾಗಾಗಿ ಮುಳ್ಳನ್ನು ಕೈಯಿಂದಲೇ ತಿರುಗಿಸಿ ನಿಲ್ಲಿಸುವುದು ಸಹಾಯಕ ನಿರ್ದೇಶಕರ ಕೆಲಸ. ನಾನು ನೋಡಿದಾಗ ಹತ್ತೂಕಾಲು ಆಗಿತ್ತು, ಅದು ಯಾವ ಕಂತಿನ ಹತ್ತೂಕಾಲೋ.

ದೊಡ್ಡ ಸಾಹೇಬರ ಕುರ್ಚಿಯ ಹಿಂದಿನ ಹಲಗೆಯಲ್ಲಿ ಹುದ್ದೆ ಬರೆಯುವ ಪಟ್ಟಿಗಳನ್ನು ಜಾರಿಸುವ ವ್ಯವಸ್ಥೆ ಇದೆ. ಎಸಿಪಿ, ಡಿವೈಎಸ್‌ಪಿ, ಇನ್ಸ್‌ಪೆಕ್ಟರ್, ಯಾವುದು ಬೇಕೋ ಅದು. ಎಸಿಪಿ ಎಂಬ ಹುದ್ದೆ ಇರುವುದು ಕಮಿಷನರೇಟ್ ಇರುವ ನಗರಗಳಲ್ಲಿ. ನಮ್ಮ ಹಾಲಹರವಿಯ ಠಾಣೆಗೆ ಎಸ್‌ಐ ಸಾಹೇಬರೇ ದೊಡ್ಡವರು, ಅವರ ಮೇಲೆ ಸಿಐ, ಅದರಾಚೆ ಡಿಎಸ್‌ಪಿ. ನಿಜವಾದ ಸಿಐಡಿ ಎಂದರೆ ರಾಜ್ಯ ಪೊಲೀಸಿನ ತನಿಖಾ ವಿಭಾಗ. ಕರ್ನಾಟಕದಲ್ಲಿ ಅದರ ಕಚೇರಿ ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಹೌಸಿನಲ್ಲಿದೆ. ಅಲ್ಲಿ ಎಸಿಪಿ ಹೆಸರಿನ ಹಲಗೆ ಹುಡುಕಿದರೆ ಸಿಗುವುದು ಅನುಮಾನ. ಟೀವಿಯ ಎಸಿಪಿ ಮಾತ್ರ ಊರೂರಿಗೆ ಹೋಗಿ ಹೆಣದ ಪಕ್ಕ ಕೂರುತ್ತಾರೆ. ಈ ಪಾತ್ರ ಮಾಡಿದ ಶಿವಾಜಿ ಸಾಟಂ ನಟನೆಗೆ ಪೂರ್ತಿಯಾಗಿ ಇಳಿಯುವ ಮೊದಲು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. 'ಸಿಐಡಿ' ಧಾರಾವಾಹಿ ಕಟ್ಟಿದ ಬಿ.ಪಿ. ಸಿಂಗ್ ದೂರದರ್ಶನದಲ್ಲಿ ಸುದ್ದಿಯ ಕ್ಯಾಮೆರಾಮನ್ ಆಗಿ ಶುರುಮಾಡಿದವರು. ಇಬ್ಬರೂ ಇದಕ್ಕಿಂತ ಮೊದಲೇ ಮರಾಠಿಯ 'ಏಕ್ ಶೂನ್ಯ ಶೂನ್ಯ' ಎಂಬ ಪೊಲೀಸ್ ಧಾರಾವಾಹಿಯಲ್ಲಿ ಜೊತೆಯಾಗಿದ್ದರು. ನೂರಕ್ಕೆ ಫೋನು ಮಾಡಿದರೆ ಪೊಲೀಸರು ಬರುತ್ತಿದ್ದ ಕಾಲದ ಹೆಸರು ಅದು.

ಠಾಣೆಯ ಮೂಲೆಯಲ್ಲಿ ಲಾಕಪ್ಪು. ಕಂಬಿಗಳನ್ನು ಮುಟ್ಟಿದೆ. ತಣ್ಣಗಿರಲಿಲ್ಲ. ನೀರಿನ ಪಿವಿಸಿ ಪೈಪಿಗೆ ಕರಿ ಬಣ್ಣ ಬಳಿದು, ಅಲ್ಲಲ್ಲಿ ಕಂದು ಬಣ್ಣವನ್ನು ಸ್ಪಂಜಿನಿಂದ ಒತ್ತಿ ತುಕ್ಕು ಹಿಡಿಸಿದ್ದಾರೆ. ತುಕ್ಕು ಬಹಳ ಚೆನ್ನಾಗಿ ಬಂದಿದೆ; ಕೈ ಹೆಚ್ಚಾಗಿ ಬೀಳುವ ಎದೆಮಟ್ಟದಲ್ಲಿ ಸವೆದು ಹೊಳೆಯುವಂತೆ, ಬುಡದಲ್ಲಿ ದಟ್ಟವಾಗಿ. ಕಬ್ಬಿಣ ಎಲ್ಲಿ ಸವೆಯುತ್ತದೆ ಎಂದು ಕೂತು ನೋಡಿದವರು ಮಾತ್ರ ಹೀಗೆ ಬಳಿಯಬಲ್ಲರು.

"ಕೈದಿ ಪಾತ್ರದವ್ರಿಗೆ ಮೊದ್ಲೇ ಹೇಳಿರ್ತೀವಿ. ಹಿಡ್ಕಳ್ರಿ, ಅಲ್ಲಾಡಿಸಬ್ಯಾಡ್ರಿ ಅಂತ. ಅಲ್ಲಾಡಿಸಿದ್ರೆ ಇಡೀ ಜೈಲೇ ಅಲ್ಲಾಡತೈತೆ."

ಕಂಬಿ ಕಣಕಣ ಅನ್ನುವುದನ್ನೂ ಬೀಗ ಬೀಳುವುದನ್ನೂ ಆಮೇಲೆ ಎಡಿಟಿಂಗಿನಲ್ಲಿ ಸೇರಿಸುತ್ತಾರೆ. ನಮಗೆ ಅದು ಕಬ್ಬಿಣ ಎಂದು ಹೇಳುವುದು ಕಣ್ಣಿಗಿಂತ ಹೆಚ್ಚಾಗಿ ಕಿವಿ. ಗೋಡೆಗೆ ಒರಗಬೇಡಿ ಅಂದದ್ದರ ಕಾರಣವೂ ಅಲ್ಲೇ ಸಿಕ್ಕಿತು. ಮರದ ಚೌಕಟ್ಟಿಗೆ ತೆಳು ಪ್ಲೈವುಡ್ ಹೊಡೆದು, ಹಿಂದೆ ಊರುಗೋಲು ಕೊಟ್ಟು, ಊರುಗೋಲಿನ ಬುಡಕ್ಕೆ ಮರಳು ಚೀಲ ಹೇರಿರುವುದೇ ಗೋಡೆ.

ಲಾಕಪ್ಪಿನ ಪಕ್ಕ ವಿಚಾರಣೆಯ ಕೋಣೆ. ಒಂದು ಮೇಜು, ಎರಡು ಕುರ್ಚಿ, ಮೇಲಿಂದ ಇಳಿಬಿಟ್ಟ ಒಂದೇ ಬಲ್ಬು. ಕಂತಿನ ಕೊನೆಯ ಐದು ನಿಮಿಷ ಇಲ್ಲಿ ನಡೆಯುತ್ತದೆ. ಸಿಕ್ಕಿಬಿದ್ದವನ ಕೆನ್ನೆಗೆ ಸಾಹೇಬರು ಬಾರಿಸುತ್ತಾರೆ, ಅವನು ಅಳುತ್ತಾ ಕೊಲೆ ಮಾಡಿದ್ದೇಕೆಂದು ಪೂರ್ತಿ ಕಥೆ ಹೇಳುತ್ತಾನೆ, ಮುಗಿಯಿತು. ಕಾನೂನು ಓದಿದವರಿಗೆ ಇದು ನಗು ತರಿಸುವ ವಿಷಯ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ ಎಂದು ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ನಿಯಮ 23ನೇ ಕಲಮಾಗಿ ಮುಂದುವರಿದಿದೆ. ಅಂದರೆ ಧಾರಾವಾಹಿ ಎಲ್ಲಿ ಮುಗಿಯುತ್ತದೋ ಅಲ್ಲಿ ಕೋರ್ಟಿನ ಕೆಲಸ ಇನ್ನೂ ಶುರುವೇ ಆಗಿರುವುದಿಲ್ಲ. ಕೋರ್ಟಿನ ಕಥೆಯನ್ನೇ ನೆಚ್ಚಿಕೊಂಡು ಗೆದ್ದವರು ಕನ್ನಡದಲ್ಲಿದ್ದಾರೆ, ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಆ ದಾರಿಗೆ ಸಂಭಾಷಣೆ ಬರೆಯುವ ಗಟ್ಟಿ ಕೈ ಬೇಕು. ಕೆನ್ನೆಗೆ ಬಾರಿಸುವುದಕ್ಕೆ ಐದು ನಿಮಿಷ ಸಾಕು.

ಮುಂದೆ ಉದ್ದನೆಯ ಓಣಿ. ಕೆಳಗರ್ಧ ಹಸಿರು, ಮೇಲರ್ಧ ಕೆನೆ ಬಣ್ಣ. ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ಇದೇ. ಇಷ್ಟು ಬೋಳಾದ ಜಾಗ ಶೆಡ್ಡಿನಲ್ಲಿ ಇನ್ನೊಂದಿಲ್ಲ, ಇಷ್ಟು ದುಡಿಯುವ ಜಾಗವೂ ಇನ್ನೊಂದಿಲ್ಲ. ಕೊನೆಯಲ್ಲಿ ಒಂದು ಮರದ ಗೂಡಿನಲ್ಲಿ ಬಾಗಿಲ ಫಲಕಗಳನ್ನು ನೆಟ್ಟಗೆ ಜೋಡಿಸಿಟ್ಟಿದ್ದಾರೆ: 'ತುರ್ತು ಚಿಕಿತ್ಸಾ ಘಟಕ', 'ಪ್ರಾಂಶುಪಾಲರು', 'ಶಾಖಾ ವ್ಯವಸ್ಥಾಪಕರು', 'ಉಪ ನೋಂದಣಾಧಿಕಾರಿಗಳು', 'ಮಹಿಳೆಯರಿಗೆ ಮಾತ್ರ'. ಹಿಂದೆ ಅಂಟುಪಟ್ಟಿ. ಬಾಗಿಲ ಮೇಲೆ ಒತ್ತಿದರೆ ಆಸ್ಪತ್ರೆ, ಕಿತ್ತು ಇನ್ನೊಂದು ಒತ್ತಿದರೆ ಬ್ಯಾಂಕು. ಸ್ಟ್ರೆಚರ್ ಹೋದರೆ ಆಸ್ಪತ್ರೆಯೆಂದೂ ಚೀಲ ಹೆಗಲಿಗೇರಿಸಿದ ಹುಡುಗಿಯರು ನಡೆದರೆ ಕಾಲೇಜೆಂದೂ ನಾವು ಒಪ್ಪಿಕೊಳ್ಳುತ್ತೇವೆ. ಗೋಡೆಯ ಕಡೆ ಯಾರೂ ನೋಡುವುದಿಲ್ಲ.

ಅಂದು ನನಗೆ ಹತ್ತಿದ ವಿಚಾರ ಇದು. ಇಂಥ ಧಾರಾವಾಹಿ ಇಪ್ಪತ್ತು ವರ್ಷ ಎಳೆಯುವುದು ಕುತೂಹಲದ ಬಲದಿಂದ ಎಂದು ನಾನು ತಿಳಿದಿದ್ದೆ. ಓಣಿಯಲ್ಲಿ ನಿಂತಾಗ ಅನ್ನಿಸಿದ್ದು, ಅದು ಎಳೆಯುವುದು ಸಂಸಾರ ತೂಗಿಸುವ ಜಾಣತನದಿಂದ. ರಾತ್ರಿ ಉಳಿದ ಜೋಳದ ರೊಟ್ಟಿಯನ್ನು ಬೆಳಿಗ್ಗೆ ಮುರಿದು ಒಗ್ಗರಣೆ ಹಾಕಿ ಬಡಿಸುವ ನಮ್ಮ ಕಡೆಯ ಹೆಂಗಸರು ಈ ಫ್ಲೋರಿನ ಲೆಕ್ಕವನ್ನು ಒಂದೇ ನೋಟಕ್ಕೆ ಹಿಡಿದುಬಿಡುತ್ತಾರೆ. ಪ್ರತಿ ವಾರ ಕಥೆ ಹೊಸದಾಗಬೇಕು. ಹಾಗಾಗಿ ಕಥೆಯ ಹೊರಗಿನದು ಏನೂ ಹೊಸದಾಗಬಾರದು. ಅದೇ ಕಚೇರಿ, ಅದೇ ಮುಖಗಳು, ಅದೇ ಮಾತು, ಅದೇ ಹಿನ್ನೆಲೆ ಸಂಗೀತ. ನೋಡುವವರಿಗೂ ಅದೇ ಬೇಕು. ಜರ್ಮನಿಯಲ್ಲಿ 'ಟಾಟೊರ್ಟ್' ಎಂಬ ಅಪರಾಧ ಸರಣಿ 1970ರ ನವೆಂಬರ್ 29ರಂದು ಶುರುವಾಗಿ ಇಂದಿಗೂ ನಡೆಯುತ್ತಿದೆ. ಊರಿಗೊಂದು ಪೊಲೀಸ್ ತಂಡ, ಎಷ್ಟೋ ಜನ ನಿರ್ದೇಶಕರು. ಶೀರ್ಷಿಕೆಯ ತುಣುಕು ಮಾತ್ರ ಹೆಚ್ಚುಕಡಿಮೆ ಅಂದಿನದೇ. ಅದರಲ್ಲಿ ಕಾಣುವ ಕಣ್ಣು ಹಾರ್ಸ್ಟ್ ಲೆಟನ್‌ಮಾಯರ್ ಎಂಬ ನಟನವು, ಓಡುವ ಕಾಲೂ ಅವರದೇ. ಅಂದು ಸಿಕ್ಕ ಸಣ್ಣ ಸಂಭಾವನೆಗೆ ಐವತ್ತು ವರ್ಷ ಮೀರಿ ಓಡುತ್ತಲೇ ಇದ್ದಾರೆ.

ಓಣಿ ದಾಟಿದರೆ ಪ್ರಯೋಗಾಲಯ. 'ಸಿಐಡಿ'ಯಲ್ಲಿ ನರೇಂದ್ರ ಗುಪ್ತಾ ಮಾಡಿದ ಡಾ. ಸಾಳುಂಖೆಯ ಲ್ಯಾಬು ನೆನಪಿದ್ದವರಿಗೆ ಇದು ಗುರುತು ಸಿಗುತ್ತದೆ. ಬಣ್ಣಬಣ್ಣದ ದ್ರವ ತುಂಬಿದ ಗಾಜಿನ ಬುರುಡೆಗಳು, ಸೂಕ್ಷ್ಮದರ್ಶಕ, ಎರಡು ಕಂಪ್ಯೂಟರ್. ದ್ರವ ಅಂದರೆ ನೀರಿಗೆ ಅಡುಗೆ ಬಣ್ಣ. ನಿಜವಾದ ಪ್ರಯೋಗಾಲಯದಲ್ಲಿ ಬಹುಪಾಲು ದ್ರವಗಳಿಗೆ ಬಣ್ಣವೇ ಇರುವುದಿಲ್ಲ ಅಂದೆ. ಹುಡುಗ ಒಪ್ಪಿಕೊಂಡ. "ಬರೀ ನೀರು ಇಟ್ರೆ ಕ್ಯಾಮೆರಾಕ್ಕೆ ಖಾಲಿ ಬಾಟ್ಲಿ ಕಂಡಂಗೆ ಕಾಣ್ತೈತಣ್ಣ." ಬುರುಡೆಯಿಂದ ಹೊಗೆ ಬರಬೇಕಾದರೆ ಒಣ ಮಂಜುಗಡ್ಡೆ. ಕಂಪ್ಯೂಟರಿನೊಳಗೆ ಯಂತ್ರವಿಲ್ಲ, ಪರದೆ ಮಾತ್ರ. ಬೆರಳಚ್ಚು ಹೊಂದಿಕೆಯಾದ ಚಿತ್ರ ಪೆನ್‌ಡ್ರೈವಿನಿಂದ ಓಡುತ್ತದೆ. ಆದ್ದರಿಂದಲೇ ಎಲ್ಲ ಧಾರಾವಾಹಿಗಳಲ್ಲೂ ಹೊಂದಿಕೆಯಾದೊಡನೆ ಪರದೆ ತುಂಬ ಹಸಿರು ಅಕ್ಷರ ಮಿನುಗುತ್ತದೋ ಏನೋ.

ಒಂದು ಮೂಲೆಯಲ್ಲಿ ದಂತವೈದ್ಯರ ಹಳೆಯ ಕುರ್ಚಿಯಂಥದಕ್ಕೆ ತಂತಿಗಳನ್ನು ಸುತ್ತಿಟ್ಟಿದ್ದರು. ನಾರ್ಕೋ ಪರೀಕ್ಷೆಯ ದೃಶ್ಯಕ್ಕಂತೆ. ಧೂಳು ಕೂತಿತ್ತು. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದ ಹೆಸರು ಒಂದು ಕಾಲಕ್ಕೆ ದೇಶದಲ್ಲೆಲ್ಲ ಕೇಳಿಬಂದದ್ದು ಈ ಪರೀಕ್ಷೆಯಿಂದಲೇ. 2010ರ ಮೇ 5ರಂದು ಸುಪ್ರೀಂ ಕೋರ್ಟು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಯಾರ ಮೇಲೂ ನಾರ್ಕೋ, ಸುಳ್ಳುಪತ್ತೆ, ಮಿದುಳು ನಕ್ಷೆ ಪರೀಕ್ಷೆಗಳನ್ನು ಹೇರುವಂತಿಲ್ಲ ಎಂದಿತು. ಕುರ್ಚಿಯ ಧೂಳಿಗೆ ಆ ತೀರ್ಪು ಕಾರಣವೋ, ಬರಹಗಾರರಿಗೆ ಆ ದೃಶ್ಯ ಹಳಸಿದ್ದು ಕಾರಣವೋ ಹುಡುಗನಿಗೂ ತಿಳಿಯದು. ಇನ್ನೊಂದು ಕಡೆ ನಿಜವೇ ಟೀವಿಯ ಹಿಂದೆ ಹೊರಟಿದೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎಂದು ಹೊಸ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಡಾ. ಸಾಳುಂಖೆ ಈ ಕೆಲಸವನ್ನು 1990ರ ದಶಕದಿಂದಲೂ ಮಾಡುತ್ತಿದ್ದರಲ್ಲ ಎಂದು ಹಾಲಹರವಿಯ ಪ್ರೇಕ್ಷಕರು ಕೇಳಿಯಾರು.

ಪ್ರಯೋಗಾಲಯದ ಹಿಂದಿನ ಪರದೆ ಸರಿಸಿದರೆ ಶವಾಗಾರ. ಎದುರು ಗೋಡೆಯಲ್ಲಿ ಮೂರರಂತೆ ಎರಡು ಸಾಲು, ಒಟ್ಟು ಆರು ಉಕ್ಕಿನ ಖಾನೆ. ಹಿಡಿಕೆ, ಸಂಖ್ಯೆಯ ಚೀಟಿ ಎಲ್ಲ ಇದೆ. ಎಳೆಯಲು ಹೋದೆ, ಬರಲಿಲ್ಲ. ಹತ್ತಿರ ಬಾಗಿ ನೋಡಿದರೆ ಉಕ್ಕೂ ಅಲ್ಲ, ಖಾನೆಯೂ ಅಲ್ಲ. ಪ್ಲೈವುಡ್ಡಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ, ನಡುವಿನ ಗೆರೆಗಳನ್ನು ಕರಿ ಬಣ್ಣದಲ್ಲಿ ಎಳೆದು, ಒಂದು ಬದಿಗೆ ಬೂದು ಬಣ್ಣದ ನೆರಳು ತೀಡಿದ್ದಾರೆ. ಹಿಡಿಕೆಗಳು ಮಾತ್ರ ಅಂಗಡಿಯಿಂದ ತಂದವು. ಕೆಳಗಿನ ಸಾಲಿನ ನಡುವಿನ ಖಾನೆ ಒಂದೇ ಒಂದು ತೆರೆಯುತ್ತದೆ. ಅದನ್ನೆಳೆದಾಗ ಕಂಡದ್ದು ಬೀರುವಿಗೆ ಹಾಕುವ ಚಕ್ರದ ಹಳಿ, ಅದರ ಮೇಲೆ ಹಾಸಿದ ಹಲಗೆ, ಹಲಗೆಯ ಮೇಲೆ ತೆಳುವಾದ ಸ್ಪಂಜಿನ ಹಾಸಿಗೆ, ತಲೆಯ ಕಡೆ ಸಣ್ಣ ದಿಂಬು. ದಿಂಬಿನ ಗಲೀಫಿನ ಮೇಲೆ ಹೂವಿನ ಚಿತ್ತಾರ ಬೇರೆ. ಖಾನೆಯ ಹಿಂಬದಿಗೆ ಗೋಡೆಯೇ ಇಲ್ಲ, ಶೆಡ್ಡಿನ ಬೆಳಕು ಕಾಣುತ್ತದೆ. ಮಲಗಿದವರಿಗೆ ಉಸಿರು ಕಟ್ಟಬಾರದೆಂದು ಆ ಕಡೆಯಿಂದ ಫ್ಯಾನು ಇಡುತ್ತಾರೆ.

ಹೆಣವಾಗುವುದು ಸುಲಭದ ಕೆಲಸ ಅಂದುಕೊಂಡಿದ್ದೆ. ಹುಡುಗ ನಕ್ಕ. ಹೊಟ್ಟೆ ಏರಿಳಿಯಬಾರದು, ಕಣ್ಣೆವೆ ಅದುರಬಾರದು, ಮುಖದ ಮೇಲೆ ಸೊಳ್ಳೆ ಕೂತರೂ ಸುಮ್ಮನಿರಬೇಕು. ನಿರ್ದೇಶಕರು 'ಆ್ಯಕ್ಷನ್' ಅನ್ನುವ ಮೊದಲು ಉಸಿರು ಒಳಗೆಳೆದುಕೊಂಡರೆ ಎದೆ ಉಬ್ಬಿದಂತೆ ಕಾಣುತ್ತದೆ. ಅರ್ಧ ಬಿಟ್ಟು ಹಿಡಿದುಕೊಳ್ಳಬೇಕಂತೆ. ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಾದರೆ ಬಟ್ಟೆಯನ್ನು ಕತ್ತಿನವರೆಗೆ ಹೊದಿಸುತ್ತಾರೆ, ಬಟ್ಟೆಯ ಕೆಳಗೆ ಹೊಟ್ಟೆಗೆ ತಗಲದಂತೆ ಕಮಾನಿನ ಹಾಗೆ ಬಗ್ಗಿಸಿದ ತಂತಿ. ದಿನಗೂಲಿಯ ಸಹನಟರಲ್ಲಿ ಹೆಣದ ಪಾತ್ರಕ್ಕೆ ಒಪ್ಪದವರೂ ಇದ್ದಾರೆ. ಒಪ್ಪಿದವರಿಗೆ ಕೆಲಸ ಮುಗಿದ ಮೇಲೆ ಮೇಕಪ್ಪಿನವರು ದೃಷ್ಟಿ ತೆಗೆಯುವುದುಂಟು. ಕೆಲವರು ಎದ್ದೊಡನೆ ಕ್ಯಾಮೆರಾ ನೋಡಿ ಒಂದು ಸಲ ನಗಬೇಕು ಎಂಬ ಪದ್ಧತಿ ಇಟ್ಟುಕೊಂಡಿದ್ದಾರಂತೆ. ನಗುವ ಆ ತುಣುಕನ್ನು ಎಲ್ಲಾದರೂ ಜೋಪಾನ ಮಾಡುತ್ತಾರೋ ಅಳಿಸಿಬಿಡುತ್ತಾರೋ ಎಂದು ಕೇಳಬೇಕೆಂದಿದ್ದೆ, ಮರೆತೆ.

ಪಕ್ಕದ ಕಪಾಟಿನಲ್ಲಿ ರಕ್ತದ ಡಬ್ಬಗಳು. ಗ್ಲೂಕೋಸಿನ ಪಾಕಕ್ಕೆ ಕೆಂಪು ಬಣ್ಣ, ಸ್ವಲ್ಪ ಕೋಕೋ ಪುಡಿ. ಕೋಕೋ ಹಾಕದಿದ್ದರೆ ರಕ್ತ ಶರಬತ್ತಿನಂತೆ ಹೊಳೆಯುತ್ತದೆ. ಎರಡು ಡಬ್ಬಕ್ಕೆ ಎರಡು ಚೀಟಿ: 'ಹಸಿ', 'ನಿನ್ನೆಯದು'. ಎರಡನೆಯದರಲ್ಲಿ ಕಂದು ಹೆಚ್ಚು. ಇರುವೆ ಮುತ್ತದಂತೆ ಡಬ್ಬಗಳನ್ನು ನೀರಿನ ತಟ್ಟೆಯಲ್ಲಿ ಇಟ್ಟಿದ್ದರು.

ಇಷ್ಟು ಹೊತ್ತು ನಾನು ಕಾಯುತ್ತಿದ್ದದ್ದು ಬಾಗಿಲಿಗೆ. 'ಸಿಐಡಿ' ಎಂದರೆ ದಯಾ, ದಯಾ ಎಂದರೆ ಒದ್ದು ಮುರಿದ ಬಾಗಿಲು. ಆ ಪಾತ್ರದ ದಯಾನಂದ ಶೆಟ್ಟಿ ನಮ್ಮ ಕರಾವಳಿ ಮೂಲದವರು. ನಟನೆಗೆ ಬರುವ ಮೊದಲು ಕ್ರೀಡಾಪಟು, 1994ರಲ್ಲಿ ಮಹಾರಾಷ್ಟ್ರದ ಡಿಸ್ಕಸ್ ಎಸೆತದ ಚಾಂಪಿಯನ್. ಆ ಭುಜ ಕಂಡೇ ಬಾಗಿಲಿನ ಕೆಲಸ ಒಪ್ಪಿಸಿರಬೇಕು. ಶೆಡ್ಡಿನ ಹಿಂಬದಿಯಲ್ಲಿ ಒಡೆಯುವ ಬಾಗಿಲುಗಳ ಉಗ್ರಾಣವೇ ಇದೆ. ಸಾಮಾನ್ಯ ಬಾಗಿಲುಗಳ ಜೊತೆ ಬೆರೆಯದಿರಲಿ ಎಂದು ಬುಡದಲ್ಲಿ ಹಳದಿ ಬಣ್ಣದ ಗುರುತು. ಒಂದನ್ನು ಹುಡುಗ ಅಡ್ಡ ಮಲಗಿಸಿ ತೋರಿಸಿದ. ಚಿಲಕ ಇರುವ ಕಡೆ ಹಿಂದಿನಿಂದ ಗರಗಸದಲ್ಲಿ ಮುಕ್ಕಾಲು ಪಾಲು ಸೀಳಿ, ಸೀಳಿದ ಜಾಗಕ್ಕೆ ಮರದ ಹೊಟ್ಟನ್ನು ಗಂಜಿಯಲ್ಲಿ ಕಲಸಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದಾರೆ. ಒದ್ದಾಗ ಒಣಗಿದ ಹೊಟ್ಟು ಪುಡಿಯಾಗಿ ಚಿಮ್ಮುತ್ತದೆ. ನಮಗೆ ಅದು ಹಳೆಯ ತೇಗದ ಧೂಳಿನಂತೆ ಕಾಣುತ್ತದೆ. ಕಬ್ಬಿಣದ ಅಗುಳಿಯ ಜಾಗದಲ್ಲಿ ಬಣ್ಣ ಬಳಿದ ಥರ್ಮೋಕೋಲ್. ಬಾಗಿಲ ಆಚೆ ನೆಲಕ್ಕೆ ಹಾಸಿಗೆ ಹಾಕಿರುತ್ತಾರೆ, ಒದೆದವರು ಜೋರಿನಲ್ಲಿ ಒಳಗೆ ಬಿದ್ದರೂ ಪೆಟ್ಟಾಗದಂತೆ. ಒಂದು ದೃಶ್ಯಕ್ಕೆ ಒಂದೇ ರೀತಿಯ ಎರಡು ಬಾಗಿಲು ಸಿದ್ಧವಾಗಿರಬೇಕು. ಮೊದಲನೆಯದು ಒದೆಯುವ ಮೊದಲೇ ಗಾಳಿಗೆ ತೆರೆದುಕೊಂಡದ್ದೂ ಇದೆಯಂತೆ.

"ನೀವೊಮ್ಮೆ ಒದೀತೀರೇನಣ್ಣ?"

ಕೇಳಿದ್ದೇ ಸಾಕೆಂದು ಒದೆಯಲು ಹೋದ ನನ್ನನ್ನು ಅವನೇ ತಡೆದ. ಬಾಗಿಲಿನ ಲೆಕ್ಕ ಬರೆದಿಡುವವರು ಬೇರೆ ಇದ್ದಾರೆ, ತಮಾಷೆಗೆ ಕೇಳಿದೆ ಅಂದ.

ಬಟ್ಟೆ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಖಾಕಿ ಅಂಗಿಗಳ ಸಾಲು. ಎದೆಯ ಮೇಲಿನ ಹೆಸರಿನ ಪಟ್ಟಿಗೆ ಅಯಸ್ಕಾಂತ, ಹಾಗಾಗಿ ಒಂದೇ ಅಂಗಿ ಹತ್ತು ಜನರನ್ನು ಇನ್ಸ್‌ಪೆಕ್ಟರ್ ಮಾಡಬಲ್ಲದು. ಭುಜದ ನಕ್ಷತ್ರಗಳು ಗುಂಡಿ ಡಬ್ಬಿಯಲ್ಲಿ ಬಿದ್ದಿದ್ದವು. ಟೋಪಿಯ ಲಾಂಛನದಲ್ಲಿ ಸಿಂಹಗಳು ಇರಬೇಕಾದ ಜಾಗದಲ್ಲಿ ಏನೋ ಹೂವಿನಂಥ ಆಕೃತಿ. ರಾಜ್ಯಲಾಂಛನದ ದುರ್ಬಳಕೆ ತಡೆಯಲು 2005ರಲ್ಲಿ ಕಾಯ್ದೆ ಬಂದಿದೆ, ಅದರ ಭಯಕ್ಕೆ ಹೀಗೆ ಮಾಡಿದರೋ, ಅಗ್ಗದ ಅಚ್ಚಿನ ಫಲವೋ. ಗೋಡೆಗೆ ಅಂಟಿಸಿದ ಸೂಚನೆ ಮಾತ್ರ ಸ್ಪಷ್ಟವಾಗಿತ್ತು: ಸಮವಸ್ತ್ರದಲ್ಲಿ ಗೇಟು ದಾಟಬಾರದು. ಚಹಾಕ್ಕೆ ಹೋಗುವವರು ಮೇಲೊಂದು ಅಂಗಿ ಹಾಕಿಕೊಂಡು ಹೋಗುತ್ತಾರೆ. ಒಂದು ಸಲ ಯಾರೋ ಮರೆತು ಹೋಗಿದ್ದಾಗ ರಸ್ತೆಯಲ್ಲಿ ಜಗಳವಾಡುತ್ತಿದ್ದ ಇಬ್ಬರು ಬಂದು ಪಂಚಾಯ್ತಿ ಮಾಡಿ ಅಂದರಂತೆ. ಕಥೆ ಹೇಳಿದವನ ಮುಖ ನೋಡಿದರೆ ಸ್ವಲ್ಪ ಉಪ್ಪುಖಾರ ಸೇರಿಸಿದ್ದಾನೆ ಅನ್ನಿಸಿತು.

ಕೊನೆಗೆ ಸೆಟ್ಟುಗಳ ಬೆನ್ನಿನ ಕಡೆಯಿಂದ ಸುತ್ತು ಹಾಕಿ ಹೊರಬಂದೆವು. ಮುಂದಿನಿಂದ ಹಸಿರು, ಕೆನೆ, ಬೆಳ್ಳಿ ಕಂಡ ಗೋಡೆಗಳೆಲ್ಲ ಹಿಂದಿನಿಂದ ಹಸಿ ಮರ, ಮೊಳೆ, ಸೀಮೆಸುಣ್ಣದ ಅಂಕಿ. ಕಾಲಿಗೆ ತೊಡರುವಷ್ಟು ವೈರು. ಇಲ್ಲಿ ನಿಂತಾಗ 'ಸಿಐಡಿ'ಯವರ ಒಂದು ಸಾಹಸದ ತೂಕ ನಿಜಕ್ಕೂ ಗೊತ್ತಾಯಿತು. 2004ರ ನವೆಂಬರ್ 7ರಂದು ಪ್ರಸಾರವಾದ 'ದಿ ಇನ್ಹೆರಿಟೆನ್ಸ್' ಎಂಬ ಕಂತನ್ನು ಅವರು ಒಂದೇ ಶಾಟಿನಲ್ಲಿ ತೆಗೆದರು. 111 ನಿಮಿಷ ಕ್ಯಾಮೆರಾ ನಿಲ್ಲಿಸಲಿಲ್ಲ. ಲಿಮ್ಕಾ, ಗಿನ್ನಿಸ್ ಎರಡೂ ದಾಖಲೆ ಪುಸ್ತಕಗಳಿಗೆ ಸೇರಿತು. ದಾಖಲೆಯ ಸುದ್ದಿ ಹಿಂದೆ ಓದಿದ್ದೆ. ಓದಿ, ಸರಿ, ಯಾರೂ ಮಾತು ತಪ್ಪಲಿಲ್ಲವಲ್ಲ ಎಂದು ಮೆಚ್ಚಿದ್ದೆ ಅಷ್ಟೇ. ಮಾತು ತಪ್ಪದಿರುವುದು ಅದರಲ್ಲಿ ಸಣ್ಣ ಭಾಗ. ಕ್ಯಾಮೆರಾ ತಿರುಗಿದ ಕಡೆಯೆಲ್ಲ ಗೋಡೆ ಇರಬೇಕು, ಸೂರು ಇರಬೇಕು, ಬಾಗಿಲಾಚೆ ಕೋಣೆ ಇರಬೇಕು. ಲೈಟು ಕಾಣಬಾರದು, ಮೈಕು ಕಾಣಬಾರದು, ವೈರು ಹಿಡಿದವರು ಕ್ಯಾಮೆರಾದ ಬೆನ್ನಿಗೆ ಬೆನ್ನು ತಾಗಿಸಿ ಓಡಬೇಕು. ಗಡಿಯಾರ ಓಡಬೇಕು. ಸತ್ತವರು ಎದ್ದು ನೀರು ಕುಡಿಯುವಂತಿಲ್ಲ. ಆರು ವರ್ಷದಿಂದ ಒಂದೊಂದು ತುಣುಕಿಗೆ ಒಂದೊಂದು ಗೋಡೆ ಸಾಕು ಎಂದು ಸಂಸಾರ ತೂಗಿಸಿದ ತಂಡ ಒಂದು ದಿನ ಎಲ್ಲವನ್ನೂ ಒಟ್ಟಿಗೆ ಖರ್ಚು ಮಾಡಿತು. ಆಮೇಲೆ ಮರಳಿ ತನ್ನ ವಾರದ ಕಂತುಗಳಿಗೆ ಹೋಯಿತು.

ಆ ತಂಡದ ಇನ್ನೊಬ್ಬರನ್ನೂ ನೆನೆಯಬೇಕು. ಎಲ್ಲರನ್ನೂ ನಗಿಸುತ್ತಿದ್ದ ಫ್ರೆಡರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್. ನಟಿಸುವುದರ ಜೊತೆಗೆ ಕೆಲವು ಕಂತುಗಳನ್ನು ಬರೆದವರೂ ಅವರೇ, ಅಂದರೆ ಇಲ್ಲೂ ಒಬ್ಬರಿಂದ ಎರಡು ಕೆಲಸ. 2023ರ ಡಿಸೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ಧಾರಾವಾಹಿ ಮತ್ತೆ ಶುರುವಾದಾಗ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಕೇಳಿದ್ದು ಅವರನ್ನೇ.

ಹೊರಡುವ ಹೊತ್ತಿಗೆ ಒಂದು ಟೆಂಪೊ ಬಂತು. ಮರುದಿನ ಬೇರೆ ಚಾನೆಲ್ಲಿನ ಕೌಟುಂಬಿಕ ಧಾರಾವಾಹಿಯವರಿಗೆ ಫ್ಲೋರು ಬಾಡಿಗೆ, ಠಾಣೆಯ ಜಾಗದಲ್ಲಿ ಮದುವೆ ಮನೆ ಬೇಕು. ಹುಡುಗ ಮರಳು ಚೀಲ ಎತ್ತಿಟ್ಟು, ಊರುಗೋಲು ಬಿಚ್ಚಿ, ಸುತ್ತ ನೋಡಿದ. ಜೊತೆಗಾರರು ಟೆಂಪೊದ ಹತ್ತಿರ ಬಾಳೆಕಂಬ ಇಳಿಸುತ್ತಿದ್ದರು, ಪ್ಲಾಸ್ಟಿಕ್ಕಿನವು.

"ಆ ತುದಿ ಹಿಡೀರಣ್ಣ, ಗಾಂಧಿ ಫೋಟೋ ಹುಷಾರು" ಅಂದ. ಲಾಕಪ್ಪಿನ ಗೋಡೆಯ ಒಂದು ತುದಿ ಅವನು, ಇನ್ನೊಂದು ತುದಿ ನಾನು ಹಿಡಿದು ಶಾಮಿಯಾನದ ಕಂಬಗಳ ಪಕ್ಕಕ್ಕೆ ಒಯ್ದೆವು.